ಬಲಗಾಲಿನ ಮೇಲೆ ಇಳಿಯುವ ಹುಡುಗ

2024ರ ಫೆಬ್ರವರಿಯ ಮೊದಲ ಗುರುವಾರ, ಫ್ರಾನ್ಸಿನ ಹತ್ತೊಂಬತ್ತು ವರ್ಷದ ಬ್ಯಾಸ್ಕೆಟ್‌ಬಾಲ್ ಆಟಗಾರನೊಬ್ಬನ ಬಗ್ಗೆ ನಾನು ಬರೆದ ವರದಿಯಲ್ಲಿ ‘ಎಡ ಮೊಣಕಾಲಿಗೆ ಹಳೆಯ ಪೆಟ್ಟಿರುವ ಅನುಮಾನವಿದೆ’ ಎಂಬ ಒಂದು ವಾಕ್ಯ ಸೇರಿತು. ವರದಿ ಬರೆದದ್ದು ಆಂಧ್ರದ ಗಡಿಯ ರಾಯದುರ್ಗದ ಬಾಡಿಗೆ ಮನೆಯಲ್ಲಿ. ಆ ಹುಡುಗನನ್ನು ನಾನು ಎಂದೂ ಎದುರಿಗೆ ಕಂಡಿರಲಿಲ್ಲ. ಅವನು ಆಡಿದ ಹದಿನೇಳು ಪಂದ್ಯಗಳ ವಿಡಿಯೋ ನೋಡಿದ್ದೆ.

ಹದಿನಾರು ವರ್ಷ ನಾನು ಬಳ್ಳಾರಿಯಲ್ಲಿ ಒಂದು ಕನ್ನಡ ಪತ್ರಿಕೆಯ ಕ್ರೀಡಾ ಪುಟ ನೋಡಿಕೊಳ್ಳುತ್ತಿದ್ದೆ. ಆ ಡೆಸ್ಕ್ ಮುಚ್ಚಿದ ಮೇಲೆ ರಾಯದುರ್ಗಕ್ಕೆ ಬಂದೆ. ಇಲ್ಲಿ ಬಾಡಿಗೆ ಕಡಿಮೆ, ಜೀನ್ಸ್ ಹೊಲಿಯುವ ಘಟಕಗಳಿಗಾಗಿ ಎಳೆದ ಇಂಟರ್ನೆಟ್ ಲೈನು ಚೆನ್ನಾಗಿದೆ. ಹೈದರಾಬಾದಿನ ಒಂದು ಚಿಕ್ಕ ಕಂಪನಿ ಯುರೋಪಿನ ಕ್ಲಬ್ಬುಗಳಿಗೆ ಆಟಗಾರರ ವರದಿ ಬರೆದುಕೊಡುತ್ತದೆ. ಅವರು ವಿಡಿಯೋ ಕಳಿಸುತ್ತಾರೆ. ಪ್ರತಿ ಪಾಸು, ಪ್ರತಿ ಎಸೆತ, ಪ್ರತಿ ತಪ್ಪಿಗೂ ನಾನು ಗುರುತು ಹಾಕಬೇಕು. ಕೊನೆಗೆ ಎರಡು ಪುಟ ಬರೆಯಬೇಕು: ಈ ಹುಡುಗ ದೊಡ್ಡವರ ಲೀಗಿನಲ್ಲಿ ಆಡಿ ಅನ್ನ ಸಂಪಾದಿಸಬಲ್ಲನೇ, ಇಲ್ಲವೇ. ಬರೆಯುವುದು ಇಂಗ್ಲಿಷಿನಲ್ಲಿ. ಇಲ್ಲಿ ಅದರ ಸಾಲುಗಳನ್ನು ಕನ್ನಡದಲ್ಲಿ ಕೊಡುತ್ತಿದ್ದೇನೆ.

ಹುಡುಗ ಗಾರ್ಡ್. ಅಂದರೆ ಚೆಂಡನ್ನು ಮುಂದೆ ತಂದು ತಂಡದ ಆಟ ನಡೆಸುವವನು. ತನ್ನ ಕ್ಲಬ್ಬಿನ ಕಿರಿಯರ ತಂಡದಲ್ಲಿ ಆಡುತ್ತಿದ್ದ. ಸೀಸನ್ ಮುಗಿದರೆ ಅವನ ಒಪ್ಪಂದವೂ ಮುಗಿಯುತ್ತಿತ್ತು. ಮೇಲಿನ ದರ್ಜೆಯ ಇನ್ನೊಂದು ಕ್ಲಬ್ಬಿಗೆ ಒಬ್ಬ ಗಾರ್ಡ್ ಬೇಕಾಗಿದ್ದ. ಇಬ್ಬರು ಅವರ ಕಣ್ಣಿಗೆ ಬಿದ್ದಿದ್ದರು, ಅವರಲ್ಲಿ ಇವನೊಬ್ಬ. ಇನ್ನೊಬ್ಬನ ವರದಿಯನ್ನು ಕಂಪನಿಯ ಬೇರೆ ಯಾರೋ ಬರೆಯುತ್ತಿದ್ದರು. ಅವರು ಯಾರೆಂದು ನನಗೆ ಗೊತ್ತಿಲ್ಲ.

ನಾಲ್ಕು ತಿಂಗಳು ನಾನು ದಿನಕ್ಕೆ ಐದಾರು ಗಂಟೆ ಅವನನ್ನು ನೋಡಿದೆ. ಅಷ್ಟು ಹೊತ್ತು ಬೇರೆ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಫೌಲಿಗೆ ಸಿಕ್ಕ ಫ್ರೀ ಥ್ರೋ ಎಸೆಯುವ ಮೊದಲು ಅವನು ಬಗ್ಗಿ ಕಾಲ್ಚೀಲಕ್ಕೆ ಅಂಗೈ ಒರೆಸಿಕೊಳ್ಳುತ್ತಾನೆ. ಪಾಸ್ ತಪ್ಪಿದರೆ ಜೊತೆಗಾರನ ಕಡೆ ನೋಡದೆ ತನ್ನ ಎದೆ ತಟ್ಟಿಕೊಳ್ಳುತ್ತಾನೆ, ತಪ್ಪು ನನ್ನದು ಎಂಬಂತೆ. ತವರಿನ ಪಂದ್ಯಗಳಲ್ಲಿ ಮೂರನೇ ಸಾಲಿನ ತುದಿಯಲ್ಲಿ ಹಳದಿ ಕೋಟಿನ ಒಬ್ಬ ಹೆಂಗಸು ಕೂರುತ್ತಿದ್ದಳು. ಅವನು ಬೆಂಚಿಗೆ ಹೋದಾಗಲೆಲ್ಲ ಅವಳು ಮೊಬೈಲ್ ತೆಗೆಯುತ್ತಿದ್ದಳು, ಅವನು ಎದ್ದಾಗ ಒಳಗಿಡುತ್ತಿದ್ದಳು. ತಾಯಿ ಇರಬಹುದು. ಡಿಸೆಂಬರ್ ನಂತರ ಆ ಕುರ್ಚಿಯಲ್ಲಿ ಬೇರೆಯವರು ಕೂತರು. ಇದಕ್ಕೆ ವರದಿಯಲ್ಲಿ ಕಾಲಂ ಇಲ್ಲ.

ಮನೆಯ ಕೆಳಗೆ ಜೀನ್ಸ್ ಘಟಕ. ಬೆಳಗ್ಗೆ ಒಂಬತ್ತಕ್ಕೆ ಮಷೀನು ಶುರುವಾದರೆ ನನ್ನ ಮೇಜು ಸಣ್ಣಗೆ ನಡುಗುತ್ತದೆ. ಮಧ್ಯಾಹ್ನ ಅಲ್ಲಿನ ಹೆಂಗಸರು ಊಟಕ್ಕೆ ಮಹಡಿ ಮೆಟ್ಟಿಲ ಮೇಲೆ ಕೂರುತ್ತಾರೆ. ಅವರಲ್ಲಿ ಚೆಕಿಂಗ್ ಮಾಡುವವಳು ಬೊಮ್ಮನಹಾಳ್ ಕಡೆಯವಳು. ಹೊಲಿದ ಪ್ಯಾಂಟುಗಳನ್ನು ನೋಡಿ, ದೋಷವಿದ್ದದ್ದಕ್ಕೆ ಸೀಮೆಸುಣ್ಣದ ಗುರುತು ಹಾಕುವುದು ಅವಳ ಕೆಲಸ. ನನ್ನ ಜೊತೆ ದಿನಾ ಮಾತಾಡುತ್ತಿದ್ದದ್ದು ಅವಳೊಬ್ಬಳೇ.

“ಅಕ್ಕಾರೆ, ಇವತ್ತೂ ಅದಾ ಹುಡುಗನಾ?” ಎಂದು ಕಿಟಕಿಯಿಂದ ಇಣುಕುತ್ತಿದ್ದಳು.

“ಹೂಂ, ಅವನಾ.”

“ಹಿಂಗ ದಿನಾ ನೋಡಿದ್ರ ಮಂದಿ ನಿಮ್ಮನ್ನ ಹೆಣ್ಣಿನ ಕಡೆಯೋರು ಅಂತಾರ ನೋಡ್ರಿ.”

“ಅನ್ಲಿ ಬಿಡು. ಹುಡುಗ ಹೆಂಗ ಅಂತ ಕೇಳಿದ್ರ ಹೇಳಾಕ ಹದಿನೇಳು ಪಂದ್ಯದ ಲೆಕ್ಕ ಐತಿ.”

“ಲೆಕ್ಕ ಬ್ಯಾಡ್ರಿ. ಕುಡೀತಾನೇನು, ಸಿಟ್ಟಿನವನೇನು, ಅದನ್ನ ಹೇಳ್ರಿ.”

“ಕುಡಿಯೋದು ವಿಡಿಯೋದಾಗ ಕಾಣಲ್ಲ.”

“ಹಂಗಾದ್ರ ಇಷ್ಟು ದಿನ ಏನ್ ನೋಡಿದ್ರಿ ಮತ್ತ?”

ಮೊಣಕಾಲಿನ ವಿಷಯ ನನಗೆ ಹೊಳೆದದ್ದು ಎಂಟನೇ ಪಂದ್ಯದಲ್ಲಿ. ಓಡಿಬಂದು, ಎಡಗಾಲಿನಿಂದ ಹಾರಿ, ರಿಂಗಿನ ಪಕ್ಕದಿಂದ ಚೆಂಡು ಹಾಕುವುದಕ್ಕೆ ಲೇ-ಅಪ್ ಎನ್ನುತ್ತಾರೆ. ಹಾಕಿದ ಮೇಲೆ ಬಹುತೇಕ ಆಟಗಾರರು ಎರಡೂ ಕಾಲ ಮೇಲೆ ಇಳಿದು, ಬಂದ ಓಟದಲ್ಲೇ ಗೆರೆ ದಾಟಿ ಆಚೆ ಹೋಗುತ್ತಾರೆ. ಇವನು ಬಲಗಾಲು ಒಂದನ್ನೇ ಊರಿ, ಅದರ ಮೇಲೇ ಮೈ ತಿರುಗಿಸಿ ಅಂಗಳದೊಳಕ್ಕೆ ವಾಪಸಾಗುತ್ತಿದ್ದ. ಮೊದಲ ಪಂದ್ಯದಿಂದ ಮತ್ತೆ ನೋಡುತ್ತ ಬಂದೆ. ಎಲ್ಲ ಕಡೆಯೂ ಹಾಗೆಯೇ. ಹನ್ನೊಂದನೇ ಪಂದ್ಯದಲ್ಲಿ ಕ್ಯಾಮೆರಾ ಬೆಂಚಿನ ಕಡೆ ತಿರುಗಿದಾಗ ಅವನ ಎಡ ಮೊಣಕಾಲಿನ ಮೇಲೆ ಐಸ್ ಚೀಲ ಇತ್ತು. ಎರಡು ಸೆಕೆಂಡು ಕಂಡಿತು.

ನಮ್ಮ ಡೆಸ್ಕಿನಲ್ಲಿ ಒಂದು ಪದ್ಧತಿ ಇತ್ತು. ಒಂದು ಮಾತಿಗೆ ಎರಡು ಆಧಾರ ಬೇಕು. ಇಳಿಯುವ ರೀತಿ ಒಂದು ಆಧಾರ, ಐಸ್ ಚೀಲ ಇನ್ನೊಂದು ಎಂದುಕೊಂಡೆ. ವಾಕ್ಯ ಬರೆದೆ. ಉಳಿದದ್ದೆಲ್ಲ ಬಹುತೇಕ ಅವನ ಪರವಾಗಿತ್ತು: ಪಾಸ್ ಕೊಡಲು ಜಾಗ ಕಾಣುವ ಕಣ್ಣು ಚೆನ್ನಾಗಿದೆ, ಜೊತೆಗಾರ ಖಾಲಿ ಜಾಗಕ್ಕೆ ಬರುವ ಮೊದಲೇ ಚೆಂಡು ಅಲ್ಲಿರುತ್ತದೆ, ಎಡಗೈ ದುರ್ಬಲ, ಎದುರಾಳಿ ಅಡ್ಡ ನಿಂತರೆ ಸುತ್ತಿ ಬರುವುದು ತಡ, ಸೋಲುತ್ತಿರುವಾಗ ಆತುರ ಪಡುವುದಿಲ್ಲ. ಎರಡು ಪುಟಗಳಲ್ಲಿ ಮೊಣಕಾಲಿನದು ಒಂದೇ ಸಾಲು. ಗುರುವಾರ ಸಂಜೆ ಕಳಿಸಿದೆ. ಕ್ಲಬ್ಬಿಗೆ ಸೋಮವಾರ ಹೋಗುತ್ತದೆ ಎಂದು ಹೇಳಿದ್ದರು.

ಶುಕ್ರವಾರ ಮಧ್ಯಾಹ್ನ ನೀರು ತರಲು ಕೆಳಗಿಳಿದಾಗ ಚೆಕಿಂಗ್ ಮೇಜಿನ ಹತ್ತಿರ ನಿಂತೆ. ಅವಳು ಒಂದು ಪ್ಯಾಂಟಿನ ತೊಡೆಯ ಮೇಲೆ ಸೀಮೆಸುಣ್ಣದಿಂದ ಅಡ್ಡ ಗೆರೆ ಎಳೆದು ಪಕ್ಕಕ್ಕೆ ಎಸೆದಳು.

“ಅದನ್ನ ಏನ್ ಮಾಡ್ತಾರ?”

“ಏನ್ ಮಾಡ್ತಾರ, ಕಡಿಮಿ ರೇಟಿನ ಸೆಕೆಂಡ್ಸ್ ಗುಂಪಿಗೆ ಹಾಕ್ತಾರ. ಒಂದ್ ಸಲ ಚಾಕ್‌ಪೀಸ್ ಬಿತ್ತಂದ್ರ ಮುಗೀತ್ರಿ. ಯಾರೂ ತಿರುವಿ ನೋಡಂಗಿಲ್ಲ.”

“ನೀನು ತಪ್ಪಿ ಹಾಕಿದ್ರ?”

“ನಾನ್ಯಾಕ ತಪ್ಪಿ ಹಾಕ್ಲಿ?” ಅವಳಿಗೆ ಸ್ವಲ್ಪ ಸಿಟ್ಟು ಬಂತು. “ಒಳಗ ಹೊರಗ ಮಾಡಿ, ಒಳಗಿನ ಹೊಲಿಗಿ ನೋಡಿದ ಮ್ಯಾಲೆ ಹಾಕೋದು. ಮ್ಯಾಲೆ ನೋಡಿ ಹಾಕೋರು ಬ್ಯಾರೆ ಅದಾರ, ಅವರನ್ನ ಕೇಳ್ರಿ.”

ಮೇಲೆ ಬಂದು ಹೈದರಾಬಾದಿಗೆ ಫೋನ್ ಮಾಡಿದೆ. ಪತ್ರಿಕೆಯಲ್ಲಿದ್ದಾಗ ಇನ್ನೊಂದು ಪದ್ಧತಿ ಇತ್ತು: ಯಾರ ಬಗ್ಗೆಯಾದರೂ ಒಂದು ಕುಂದು ಬರೆಯುವ ಮೊದಲು ಅವರಿಗೆ ಫೋನ್ ಮಾಡಿ, ನೀವೇನು ಹೇಳುತ್ತೀರಿ ಎಂದು ಕೇಳಬೇಕು. ತಾಲ್ಲೂಕು ಮಟ್ಟದ ಕಬಡ್ಡಿ ರೆಫರಿಗೂ ಕೇಳಿದ್ದೇನೆ. ಕಂಪನಿಯಲ್ಲಿ ನನ್ನ ಕೆಲಸ ನೋಡಿಕೊಳ್ಳುವ ಯುವಕನಿಗೆ ಹಾಗೆಯೇ ಹೇಳಿದೆ, ಮೊಣಕಾಲಿನ ಬಗ್ಗೆ ಒಮ್ಮೆ ಕೇಳಬೇಕು ಎಂದು.

“ಎವರಿನಿ ಅಡಗಾಲಿ ಮೇಡಂ?” ಎಂದರು. ತೆಲುಗಿನಲ್ಲಿ, ಯಾರನ್ನು ಕೇಳಬೇಕು ಎಂದು.

“ಹುಡುಗನನ್ನು.”

ಅವರು ನಕ್ಕರು. ಕೆಟ್ಟದಾಗಿ ಅಲ್ಲ. ಇಂಥ ವರದಿಯೊಂದು ಇದೆಯೆಂದೇ ಆ ಹುಡುಗನಿಗೆ ಗೊತ್ತಿರುವುದಿಲ್ಲ, ಗೊತ್ತಾಗಲೂಬಾರದು, ಒಪ್ಪಂದದಲ್ಲಿಯೇ ಹಾಗಿದೆ ಎಂದು ತಿಳಿಸಿದರು. ಅವರು ಹೇಳಿದ್ದು ಸರಿ. ಆ ಒಪ್ಪಂದಕ್ಕೆ ನಾನೂ ಸಹಿ ಹಾಕಿದ್ದೆ.

ಭಾನುವಾರ ಬೆಳಗ್ಗೆ ಮಡಕಶಿರಾಕ್ಕೆ ಹೊರಟೆ. ನಾನು ಓದಿದ್ದು ಅಲ್ಲಿ, ಬ್ಯಾಸ್ಕೆಟ್‌ಬಾಲ್ ಕಲಿತದ್ದು ಅಲ್ಲಿನ ಹೈಸ್ಕೂಲಿನ ಮಣ್ಣಿನ ಅಂಗಳದಲ್ಲಿ. ಆಗ ರಾಯದುರ್ಗ, ಮಡಕಶಿರಾ ಎರಡೂ ಅನಂತಪುರ ಜಿಲ್ಲೆ, ಈಗ ಬೇರೆ ಬೇರೆ. ಕಲ್ಯಾಣದುರ್ಗದಲ್ಲಿ ಒಂದು ಬಸ್ಸು ಬದಲಿಸಿ, ಪಾವಗಡದಲ್ಲಿ ಇನ್ನೊಂದು ಬದಲಿಸಿ, ಮಡಕಶಿರಾ ಮುಟ್ಟಿದಾಗ ಹನ್ನೆರಡಾಗಿತ್ತು. ನಮಗೆ ಆಟ ಕಲಿಸಿದ ಪಿ.ಟಿ. ಮೇಷ್ಟ್ರು ನಿವೃತ್ತರಾಗಿ ಬಹಳ ವರ್ಷವಾಗಿದೆ. ಶಾಲೆಯ ಹಿಂದಿನ ಬೀದಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ಜಗುಲಿಯ ಮೇಲೆ ಕಡಲೆಕಾಯಿ ಸುಲಿಯುತ್ತ ಕೂತಿದ್ದರು.

“ಯಾರಮ್ಮ? ಓ, ನೀನಾ. ಬಾ ಕೂತ್ಕೊ. ಬೆಂಚು ಕಾಯೋಕೆ ನಿನ್ನಷ್ಟು ನಿಯತ್ತಿನೋಳು ನನ್ ಸರ್ವಿಸ್ನಲ್ಲೇ ಇನ್ನೊಬ್ಬಳು ಬರ್ಲಿಲ್ಲ.”

“ನೀವೇ ಕೂರಿಸಿದ್ದು ಸಾ.”

“ಕೂತಿದ್ದಕ್ಕೇ ಪೇಪರ್ನೋಳಾದೆ. ಆಡ್ದೋರೆಲ್ಲ ಈಗ ಅಂಗನವಾಡೀಲಿ ಅವ್ರೆ.”

ಆ ಹುಡುಗ ಹಾರಿ ಇಳಿಯುವ ಹನ್ನೆರಡು ತುಣುಕುಗಳನ್ನು ಮೊಬೈಲಿನಲ್ಲಿ ತಂದಿದ್ದೆ. ನನ್ನ ಅನುಮಾನ ಏನೆಂದು ಹೇಳಲಿಲ್ಲ. ಅವರು ಕನ್ನಡಕವನ್ನು ಹಣೆಗೇರಿಸಿ, ಮೊಬೈಲನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. ನಾಲ್ಕನೆಯ ತುಣುಕಿಗೆ ನಿಲ್ಲಿಸಿದರು.

“ಇವ್ನು ನಮ್ ಸ್ಕೂಲಲ್ಲಿ ಯಾವಾಗ ಓದ್ದ?”

ನನಗೆ ಅರ್ಥವಾಗಲಿಲ್ಲ. ಅವರು ಕಡಲೆಕಾಯಿ ಮೊರ ಸರಿಸಿ ಎದ್ದು, ಚಪ್ಪಲಿ ಮೆಟ್ಟಿ, ಬಾ ಎಂದು ಮುಂದೆ ನಡೆದರು.

ಭಾನುವಾರವಾದ್ದರಿಂದ ಶಾಲೆ ಖಾಲಿ. ಅಂಗಳಕ್ಕೆ ಈಗ ಸಿಮೆಂಟು ಹಾಕಿದ್ದಾರೆ. ರಿಂಗಿನ ಹಿಂದೆ ಕಾಂಪೌಂಡ್ ಗೋಡೆ ಇದ್ದಲ್ಲೇ ಇದೆ, ಅಂಗಳದ ಗೆರೆಯಿಂದ ಎರಡೇ ಹೆಜ್ಜೆ. ಮೇಷ್ಟ್ರು ಗೋಡೆಗೆ ಬೆನ್ನು ಕೊಟ್ಟು ನಿಂತರು.

“ಓಡ್ಬಂದು ಬಾಲ್ ಹಾಕಿ, ಎರಡು ಕಾಲಲ್ಲಿ ಇಳಿದ್ರೆ ಎಲ್ಲಿಗೋಗಿ ನಿಲ್ತೀಯಾ? ಇಲ್ಲಿಗೆ. ಮೂತಿ ಒಡೀತದೆ. ಅದ್ಕೇ ನಮ್ ಹುಡ್ಗೀರೆಲ್ಲ ಬಲಗಾಲು ಊರಿ ತಿರೀಗ್ಬಿಡೋರು. ನಾನ್ ಹೇಳ್ಕೊಟ್ಟಿದ್ದಲ್ಲ, ಗೋಡೆ ಹೇಳ್ಕೊಟ್ಟಿದ್ದು. ಅನಂತಪುರದಲ್ಲಿ ಬಯಲಂಗೆ ಕೋರ್ಟು, ಅಲ್ಲೂ ಅಂಗೇ ತಿರುಗೋರು. ಬೇರೆ ಸ್ಕೂಲ್ ಮೇಷ್ಟ್ರುಗಳು ನಗೋರು, ಏನ್ರಿ ನಿಮ್ ಹುಡ್ಗೀರು ದಯ್ಯ ಕಂಡಂಗೆ ವಾಪಸ್ ಓಡ್ತವೆ ಅಂತ.”

“ಫ್ರಾನ್ಸಿನಲ್ಲಿ ಇಂಥ ಗೋಡೆ ಇರುತ್ತಾ ಸಾ? ಎಡ ಮೊಣಕಾಲು ನೋಯ್ತಿರಬಹುದು ಅಂತ ಬರೆದಿದ್ದೀನಿ.”

“ಯಾಕಿರಲ್ಲ? ಬಡವ್ರ ಬೀದಿ ಅಲ್ಲಿಲ್ವಾ? ಯಾವ್ದೋ ಸಣ್ಣ ಹಾಲ್ನಲ್ಲಿ ಕಲ್ತಿರ್ತಾನೆ. ಇದು ನೋವಲ್ಲ ಕಣಮ್ಮ, ಅಭ್ಯಾಸ. ಎಡಗಾಲು ನೋಯ್ತಿದ್ರೆ ಆ ಕಾಲಲ್ಲೇ ಹೆಂಗ್ ಎಗುರ್ತಾನೆ? ನೀನೇ ಹೇಳು.”

ಅವರು ಹೇಳಿದ್ದಕ್ಕೆ ಆಗೆಲ್ಲ ಅಲ್ಲಿ ಸಾಕ್ಷಿ ಇರುತ್ತಿತ್ತು. ನಾವು ಆಡುವಾಗ ಆ ಸುಣ್ಣದ ಗೋಡೆಯ ಮೇಲೆ ಭುಜದ ಎತ್ತರಕ್ಕೆ ಕೆಮ್ಮಣ್ಣಿನ ಅಂಗೈ ಗುರುತುಗಳಿರುತ್ತಿದ್ದವು, ತಿರುಗಲು ತಡವಾದವರದು. ಆ ಶಾಲೆಯಲ್ಲಿ ಮೂರು ವರ್ಷ ಆಡಿದ ನನಗೆ ಎಂಟನೇ ಪಂದ್ಯದಲ್ಲಿ ಇದು ನೆನಪಾಗಲಿಲ್ಲ. ನೆನಪಾಗದೆ ಇದ್ದದ್ದಕ್ಕೆ ಕಾರಣವೂ ಇತ್ತು. ಅದನ್ನು ಅವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ.

“ಎಗರುವಾಗ ಅಷ್ಟು ನೋಯಲ್ಲ ಸಾ,” ಎಂದೆ. “ಇಳಿಯುವಾಗ ನೋಯುತ್ತೆ.”

ಅವರು ನನ್ನ ಕಡೆ ನೋಡಿದರು.

ಹತ್ತನೇ ತರಗತಿಯಲ್ಲಿದ್ದಾಗ ಜಿಲ್ಲಾ ತಂಡದ ಆಯ್ಕೆಗೆ ನಮ್ಮನ್ನು ಅನಂತಪುರಕ್ಕೆ ಕರೆದುಕೊಂಡು ಹೋಗಿದ್ದರು. ಅದಕ್ಕೆ ಮೂರು ವಾರ ಮೊದಲೇ ನನ್ನ ಎಡ ಮೊಣಕಾಲು ಕೆಟ್ಟಿತ್ತು. ಮೂರೂ ವಾರ ಆಡಿದೆ. ಎಡಗಾಲಿನಿಂದ ಹಾರಿದೆ, ಬಲಗಾಲಿನ ಮೇಲೆ ಇಳಿದೆ. ಉಳಿದ ಹುಡುಗಿಯರು ಗೋಡೆಗೆ ಹೆದರಿ ಹಾಗೆ ಇಳಿಯುತ್ತಿದ್ದರು, ನಾನು ನೋವಿಗೆ. ಎರಡಕ್ಕೂ ಕಣ್ಣಿಗೆ ಕಾಣುವ ವ್ಯತ್ಯಾಸ ಏನೂ ಇರಲಿಲ್ಲ. ಆಯ್ಕೆಯ ಎರಡನೇ ದಿನ ಬೆಳಗ್ಗೆ ಕಾಲು ಮಡಚಲಾಗಲಿಲ್ಲ. ಹಾಸ್ಟೆಲಿನ ಮೆಟ್ಟಿಲಿಳಿಯುವಾಗ ಜಾರಿ ಬಿದ್ದೆ ಎಂದು ಮೇಷ್ಟ್ರಿಗೆ ಹೇಳಿದೆ. ಆಮೇಲೆ ನಾನು ಆಡಲಿಲ್ಲ. ಬೆಂಚಿನಲ್ಲಿ ಕೂತು ಸ್ಕೋರ್ ಶೀಟ್ ಬರೆದೆ.

ಇದನ್ನು ಅಷ್ಟೇ ಮಾತುಗಳಲ್ಲಿ ಅವರಿಗೆ ಹೇಳಿದೆ. ಅವರು ಗೋಡೆಯಿಂದ ಈಚೆ ಬಂದು ಅಂಗಳದ ಗೆರೆಯ ಮೇಲೆ ಕೂತರು.

“ಯಾಕ್ ಹೇಳ್ಲಿಲ್ಲ?”

“ಹೇಳಿದ್ರೆ ಬಸ್ ಹತ್ತಿಸ್ತಿರ್ಲಿಲ್ಲ.”

“ಹತ್ತಿಸ್ತಿರ್ಲಿಲ್ಲ,” ಎಂದು ಒಪ್ಪಿಕೊಂಡರು.

“ನೀವೂ ಕೇಳ್ಲಿಲ್ಲ ಸಾ.”

“ಎಲ್ರೂ ಅಂಗೇ ಇಳೀತಿದ್ರಲ್ಲಮ್ಮ. ಯಾರ್ನ ಅಂತ ಕೇಳ್ಲಿ?” ನನ್ನ ಮೊಬೈಲಿನ ಕಡೆ ಕೈ ಮಾಡಿ, “ಅಂಗಾದ್ರೆ ಈ ಹುಡ್ಗಂದು ಯಾವ್ದು?”

“ಗೊತ್ತಿಲ್ಲ ಸಾ.”

“ಅಷ್ಟ್ ದೂರದಿಂದ ಬಂದಿದ್ದು ಇದಕ್ಕಾ?”

“ಹೂಂ.”

ಅವರು ಮನೆಗೆ ಕರೆದು ಊಟಕ್ಕೆ ಕೂರಿಸಿದರು. ಮಗಳು ಮುದ್ದೆ ಬಡಿಸಿ, ಎಲ್ಲಿರುವುದು, ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದಳು. ಒಬ್ಬಳೇ ಎಂದೆ. ಬಸ್ ನಿಲ್ದಾಣಕ್ಕೆ ಹೊರಟಾಗ ಮೇಷ್ಟ್ರು, ಈಗಲೂ ನೋಯುತ್ತಾ ಎಂದರು. ಮೆಟ್ಟಿಲಿಳಿಯುವಾಗ ನೋಯುತ್ತದೆ ಎಂದೆ.

ಪಾವಗಡದಿಂದ ಕಲ್ಯಾಣದುರ್ಗದವರೆಗೆ ಪಕ್ಕದ ಸೀಟು ಖಾಲಿ ಇತ್ತು. ಅಲ್ಲಿಯೇ ಮೊಬೈಲಿನಲ್ಲಿ ವಾಕ್ಯ ತಿದ್ದಿದೆ. ನನ್ನ ಎರಡು ಆಧಾರಗಳನ್ನು ಮತ್ತೆ ಎಣಿಸಿದೆ. ಐಸ್ ಚೀಲವನ್ನು ಆಟಗಾರರು ಬರೀ ದಣಿವಿಗೂ ಇಟ್ಟುಕೊಳ್ಳುತ್ತಾರೆ. ಇಳಿಯುವ ರೀತಿ ಗೋಡೆಯಿಂದಲೂ ಬರುತ್ತದೆ. ಹಾಗಾದರೆ ನನ್ನ ಬಳಿ ಆಧಾರ ಇರಲಿಲ್ಲ. ಇದ್ದದ್ದು ನನ್ನ ಕಾಲು. ಮೇಷ್ಟ್ರ ಮಾತನ್ನು ನಂಬಿ ಸಾಲನ್ನು ಅಳಿಸಿಬಿಡಬಹುದಿತ್ತು, ಆದರೆ ಅವರ ಕಣ್ಣು ಒಮ್ಮೆ ತಪ್ಪಿತ್ತು ಎನ್ನುವುದಕ್ಕೆ ನಾನೇ ಸಾಕ್ಷಿ. ಹೊಸ ಸಾಲುಗಳು ಹೀಗಿದ್ದವು: ‘ಲೇ-ಅಪ್ ನಂತರ ಬಲಗಾಲಿನ ಮೇಲೆ ಮಾತ್ರ ಇಳಿಯುತ್ತಾನೆ. ಗೋಡೆ ಹತ್ತಿರವಿರುವ ಅಂಗಳದಲ್ಲಿ ಕಲಿತ ಅಭ್ಯಾಸ ಇರಬಹುದು, ಎಡ ಮೊಣಕಾಲಿನ ನೋವೂ ಇರಬಹುದು. ವಿಡಿಯೋದಿಂದ ಹೇಳಲಾಗದು. ನಿರ್ಧರಿಸುವ ಮೊದಲು ಆಟಗಾರನನ್ನೇ ಕೇಳಬೇಕು.’

ಸೋಮವಾರ ಬೆಳಗ್ಗೆ ಎಂಟೂವರೆಗೆ ಹೈದರಾಬಾದಿಗೆ ಫೋನ್ ಮಾಡಿದೆ. ವರದಿ ಶುಕ್ರವಾರ ರಾತ್ರಿಯೇ ಕ್ಲಬ್ಬಿಗೆ ಹೋಗಿತ್ತು. ಕ್ಲಬ್ಬಿನವರು ಅವಸರ ಮಾಡಿದ್ದರಂತೆ.

“ತಿದ್ದುಪಡಿ ಕಳಿಸಿ,” ಎಂದೆ.

“ಒಂದು ಸಾಲಿಗೆ ತಿದ್ದುಪಡಿ ಕಳಿಸಿದರೆ ಉಳಿದ ಸಾಲುಗಳ ಮೇಲೂ ನಂಬಿಕೆ ಹೋಗುತ್ತೆ ಮೇಡಂ. ಅನುಮಾನ ಅಂತ ತಾನೇ ಬರೆದಿದ್ದೀರಿ. ಇದೆ ಅಂತ ಬರೆದಿಲ್ಲವಲ್ಲ.”

ಡೆಸ್ಕಿನಲ್ಲಿ ನಾನೂ ಇದೇ ಮಾತನ್ನು ಇತರರಿಗೆ ಹೇಳಿದ್ದುಂಟು. ಪತ್ರಿಕೆಯಲ್ಲಾದರೆ ತಿದ್ದುಪಡಿಗೆ ಒಳಪುಟದ ಕೆಳಗಿನ ಮೂಲೆಯಲ್ಲಿ ಒಂದು ಜಾಗ ಇತ್ತು, ಯಾರೂ ಓದದಿದ್ದರೂ ಇರುತ್ತಿತ್ತು. ಇಲ್ಲಿ ಆ ಜಾಗವನ್ನು ನಾನೇ ಕೇಳಿ ಪಡೆಯಬೇಕಾಯಿತು. ಮೂರು ಸಲ ಮೇಲ್ ಮಾಡಿದೆ. ಬುಧವಾರ ಮಧ್ಯಾಹ್ನ ಒಂದು ಸಾಲಿನ ಉತ್ತರ ಬಂತು: ಕಳಿಸಿದ್ದೇವೆ. ಯಾರು ತೆರೆದರು, ಯಾವಾಗ ತೆರೆದರು, ತೆರೆದರೋ ಇಲ್ಲವೋ ಎಂಬುದು ಆ ಉತ್ತರದಲ್ಲಿ ಇರಲಿಲ್ಲ. ಮುಂದೆಯೂ ತಿಳಿಯಲಿಲ್ಲ.

ಅವನ ಉಳಿದ ಪಂದ್ಯಗಳು ನನ್ನ ಪಾಲಿಗೆ ಬರಲಿಲ್ಲ. ವರದಿ ಮುಗಿದ ಆಟಗಾರನ ವಿಡಿಯೋ ತೆರೆಯಲು ನಮಗೆ ಅನುಮತಿ ಇರುವುದಿಲ್ಲ. ಆ ವಾರದಿಂದ ಲಿಥುವೇನಿಯಾದ ಒಬ್ಬ ಎತ್ತರದ ಹುಡುಗನನ್ನು ನೋಡತೊಡಗಿದೆ. ಚೆಕಿಂಗ್ ಮಾಡುವವಳು ಕಿಟಕಿಯಲ್ಲಿ ನಿಂತು ಎರಡು ನಿಮಿಷ ನೋಡಿದಳು.

“ಮೊದಲಿನ ಹುಡುಗ ಏನಾದ್ನ್ರಿ?”

“ಅವನ ಕೆಲಸ ಮುಗೀತು.”

“ಪಾಸಾ, ಸೆಕೆಂಡ್ಸಾ?”

“ಗೊತ್ತಿಲ್ಲ.”

“ನೀವಾ ನೋಡಿದ್ದು, ನಿಮಗಾ ಗೊತ್ತಿಲ್ಲೇನು?” ಎಂದು ಡಬ್ಬಿ ಮುಚ್ಚಿಕೊಂಡು ಕೆಳಗಿಳಿದಳು.

ಜುಲೈ ಕೊನೆಗೆ ಆ ಮೇಲಿನ ದರ್ಜೆಯ ಕ್ಲಬ್ಬು ತನ್ನ ಹೊಸ ತಂಡದ ಪಟ್ಟಿ ಪ್ರಕಟಿಸಿತು. ಅದರಲ್ಲಿ ಇವನ ಬದಲು ಆ ಇನ್ನೊಬ್ಬ ಗಾರ್ಡಿನ ಹೆಸರಿತ್ತು. ಪಟ್ಟಿಯ ಜೊತೆ ಕಾರಣ ಕೊಟ್ಟಿರಲಿಲ್ಲ, ಕೊಡುವ ರೂಢಿಯೂ ಇಲ್ಲ. ಸೆಪ್ಟೆಂಬರಿನಲ್ಲಿ ಇವನ ಹೆಸರು ಮೂರನೇ ದರ್ಜೆಯ ಒಂದು ತಂಡದ ಪುಟದಲ್ಲಿ ಕಂಡಿತು. ಆ ದರ್ಜೆಯ ಪಂದ್ಯಗಳ ವಿಡಿಯೋ ನಮ್ಮ ಕಂಪನಿಗೆ ಬರುವುದಿಲ್ಲ. ಯಾರು ಎಷ್ಟು ನಿಮಿಷ ಆಡಿದರು, ಎಷ್ಟು ಅಂಕ ಗಳಿಸಿದರು ಎಂಬ ಪಟ್ಟಿ ಮಾತ್ರ ಪಂದ್ಯದ ಮರುದಿನ ಎಲ್ಲರಿಗೂ ಸಿಗುತ್ತದೆ. ವಾರಕ್ಕೊಮ್ಮೆ ಅದನ್ನು ತೆರೆದು ನೋಡುತ್ತೇನೆ.

ಅಕ್ಟೋಬರಿನಲ್ಲಿ ಮೂರು ಪಂದ್ಯಗಳಿಗೆ ಅವನ ಹೆಸರಿರಲಿಲ್ಲ. ಯಾಕೆಂದು ಪಟ್ಟಿಯಲ್ಲಿ ಇರುವುದಿಲ್ಲ. ನವೆಂಬರಿನಿಂದ ಮತ್ತೆ ಇದೆ. ಕಳೆದ ಶನಿವಾರದ ನಲವತ್ತು ನಿಮಿಷದ ಪಂದ್ಯದಲ್ಲಿ ಅವನು ಮೂವತ್ತೊಂದು ನಿಮಿಷ ಆಡಿದ್ದಾನೆ.